ಡಿಪೋದ ಡೀಸೆಲ್ ರಿಜಿಸ್ಟರ್ ಹೇಳಿದ್ದು

ನಾನು ಒಂದು ನಗರದ ಸಾರಿಗೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಹೊಸ ಯೋಜನೆಗಳಿಗೆ ಷರತ್ತು ಬರೆಯುವುದು, ಟೆಂಡರ್ ಕಾಗದ ತಯಾರು ಮಾಡುವುದು, ಆಮೇಲೆ ಕೆಲಸ ಹೇಗೆ ನಡೀತಿದೆ ಅಂತ ವರದಿ ಕೊಡುವುದು ನನ್ನ ಪಾಲಿನ ಕೆಲಸ. ಪೆಟ್ರೋಲ್, ಡೀಸೆಲ್ ಅವಲಂಬನೆ ಕಮ್ಮಿ ಮಾಡಬೇಕು ಅನ್ನುವ ಮಾತು ಪ್ರತಿ ಕಡತದ ಮೊದಲ ಪುಟದಲ್ಲೇ ಇರುತ್ತದೆ. ಕೊನೆಯ ಪುಟದಲ್ಲಿ ಮಾತ್ರ ಬೇರೆ ಲೆಕ್ಕ. ಎಷ್ಟು ಎಲೆಕ್ಟ್ರಿಕ್ ಬಸ್ ಬಂತು, ಎಷ್ಟು ಚಾರ್ಜರ್ ಹಾಕಿಸಿದೆವು, ಎಷ್ಟು ಹೊಸ ಕಂಪನಿಗಳಿಗೆ ಅವಕಾಶ ಕೊಟ್ಟೆವು. ಎಣ್ಣೆ ಎಷ್ಟು ಲೀಟರ್ ಉಳಿಯಿತು ಅಂತ ಯಾರೂ ಕೇಳುವುದಿಲ್ಲ. ನಾನು ಕೇಳಲು ಶುರು ಮಾಡಿದ್ದು ಒಂದು ಡಿಪೋದ ಡೀಸೆಲ್ ರಿಜಿಸ್ಟರ್ ನೋಡಿದ ಮೇಲೆ.

ಬಸ್ ಡಿಪೋದಲ್ಲಿ ಈ ರಿಜಿಸ್ಟರ್‌ಗೆ ಇರುವ ಬೆಲೆ ಬೇರೆ ಯಾವ ಕಾಗದಕ್ಕೂ ಇಲ್ಲ. ಒಂದೊಂದು ಬಸ್ಸಿಗೆ ಒಂದೊಂದು ಸಾಲು. ಬಸ್ ನಂಬರ್, ಶೆಡ್ಯೂಲ್ ನಂಬರ್, ಓಡಿದ ಕಿಲೋಮೀಟರ್, ಹಾಕಿದ ಡೀಸೆಲ್, ಕೊನೆಯ ಕಾಲಂನಲ್ಲಿ ಕೆಎಂಪಿಎಲ್, ಅಂದರೆ ಲೀಟರ್‌ಗೆ ಎಷ್ಟು ಕಿಲೋಮೀಟರ್ ಓಡಿತು ಅನ್ನುವ ಲೆಕ್ಕ. ಅದು ಸ್ವಲ್ಪ ಇಳಿದರೂ ಡ್ರೈವರ್‌ಗೆ ಮೇಲಿನಿಂದ ಕರೆ ಬರುತ್ತದೆ. ಆ ಡಿಪೋಗೆ ಎಲೆಕ್ಟ್ರಿಕ್ ಬಸ್‌ಗಳು ಬಂದು ಸುಮಾರು ದಿನ ಆಗಿತ್ತು. ಬಸ್‌ಗಳಲ್ಲಿ ಮೂರನೇ ಒಂದು ಪಾಲು ಅವೇ. ಹಾಗಾದರೆ ಡೀಸೆಲ್ ಕೂಡ ಹೆಚ್ಚುಕಮ್ಮಿ ಅಷ್ಟೇ ಇಳಿಯಬೇಕು, ಅಲ್ವಾ? ಇಳಿದದ್ದು ಅದರ ಅರ್ಧವೂ ಇರಲಿಲ್ಲ.

ಶೆಡ್ಯೂಲ್ ಕಾಲಂ ನೋಡಿದಾಗ ವಿಷಯ ಗೊತ್ತಾಯಿತು. ಎಲೆಕ್ಟ್ರಿಕ್ ಬಸ್‌ಗಳನ್ನೆಲ್ಲ ಡಿಪೋ ಹತ್ತಿರದ ಸಣ್ಣ ರೂಟ್‌ಗಳಿಗೆ ಹಾಕಿದ್ದರು. ದಿನವಿಡೀ ಓಡುವ ಉದ್ದನೆಯ ರೂಟ್‌ಗಳಲ್ಲಿ ಹಳೇ ಡೀಸೆಲ್ ಬಸ್‌ಗಳೇ. ಡಿಪೋ ಮ್ಯಾನೇಜರ್ ಮುಚ್ಚುಮರೆ ಮಾಡಲಿಲ್ಲ. "ಮೇಡಂ, ಚಾರ್ಜ್ ಮುಗಿದು ಬಸ್ ದಾರಿಯಲ್ಲಿ ನಿಂತರೆ ಟ್ರಿಪ್ ಕ್ಯಾನ್ಸಲ್. ಟ್ರಿಪ್ ಕ್ಯಾನ್ಸಲ್ ಆದರೆ ನೋಟಿಸ್ ಬರೋದು ನನಗೆ. ಡೀಸೆಲ್ ಉಳಿಸಿದ್ದಕ್ಕೆ ನನಗೇನು ಬರುತ್ತೆ ಹೇಳಿ?" ಅಂದರು.

ಅವರ ಮಾತು ನೂರಕ್ಕೆ ನೂರು ಸರಿ. ಪಾಲಿಸಿ ಬರೆದವರು ಬಸ್ ಎಣಿಸಿದರು. ಡಿಪೋದವರು ಟ್ರಿಪ್ ಎಣಿಸಿದರು. ಲೀಟರ್ ಯಾರ ಲೆಕ್ಕದಲ್ಲೂ ಇರಲಿಲ್ಲ. ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ನಿಮ್ಮ ನಿಯಮ ಯಾರ ಕೈಯಲ್ಲಿ ಜಾರಿಯಾಗುತ್ತದೋ ಅವರಿಗೆ ಯಾವುದಕ್ಕೆ ಬೈಗುಳ ಬೀಳುತ್ತದೆ ಅಂತ ತಿಳಿದುಕೊಳ್ಳಿ. ಅದು ಗೊತ್ತಾದರೆ ನಿಯಮದ ಗತಿ ಏನಾಗುತ್ತದೆ ಅಂತ ಅಲ್ಲೇ ಹೇಳಬಹುದು.

ಬೇರೆ ನಗರಗಳ ಅನುಭವ ಓದುತ್ತಾ ಹೋದ ಹಾಗೆ ಇದೇ ಕಥೆ ಬೇರೆ ಬೇರೆ ವೇಷದಲ್ಲಿ ಸಿಕ್ಕಿತು. ಸ್ವೀಡನ್ನಿನ ಸ್ಟಾಕ್‌ಹೋಮ್ 2006ರಲ್ಲಿ ನಗರದ ಒಳಗೆ ಬರುವ, ಹೋಗುವ ವಾಹನಗಳಿಗೆ ದಟ್ಟಣೆ ಶುಲ್ಕ ಹಾಕಿ ಏಳು ತಿಂಗಳು ಪರೀಕ್ಷೆ ಮಾಡಿತು. ಎಥೆನಾಲ್‌ನಂಥ ಇಂಧನದಲ್ಲಿ ಓಡಬಲ್ಲ ಕಾರುಗಳಿಗೆ ಶುಲ್ಕ ಮಾಫಿ. ಜನ ಅಂಥ ಕಾರುಗಳನ್ನು ಜಾಸ್ತಿ ಕೊಂಡರು. ಆದರೆ ಆ ಕಾರಿನ ಟ್ಯಾಂಕ್‌ಗೆ ಎಥೆನಾಲೂ ಆಗುತ್ತದೆ, ಪೆಟ್ರೋಲೂ ಆಗುತ್ತದೆ. 2008ರ ಕೊನೆಗೆ ಕಚ್ಚಾ ತೈಲದ ಬೆಲೆ ಕುಸಿದು ಪೆಟ್ರೋಲೇ ಲಾಭ ಅನ್ನಿಸಿದಾಗ ಸ್ವೀಡನ್ನಿನಲ್ಲಿ ಎಥೆನಾಲ್ ಮಾರಾಟ ಬಿದ್ದುಹೋಯಿತು. ಕಾಗದದ ಮೇಲೆ ಹಸಿರು ಕಾರು, ಟ್ಯಾಂಕಿನೊಳಗೆ ಪೆಟ್ರೋಲು. ಪೆಟ್ರೋಲಿನಲ್ಲೂ ಚಾರ್ಜ್ ಮಾಡಿದ ಬ್ಯಾಟರಿಯಲ್ಲೂ ಓಡುವ ಪ್ಲಗ್-ಇನ್ ಹೈಬ್ರಿಡ್ ಕಾರು ಕೊಂಡು ಚಾರ್ಜಿಂಗ್ ಕೇಬಲ್ಲನ್ನು ಡಿಕ್ಕಿಯಿಂದ ಹೊರಗೇ ತೆಗೆಯದವರದ್ದೂ ಇದೇ ಪಾಡು.

ಸ್ಟಾಕ್‌ಹೋಮ್‌ನಿಂದ ಕಲಿತ ಇನ್ನೊಂದು ವಿಷಯ ನಮ್ಮ ಮೀಟಿಂಗ್‌ಗಳಲ್ಲಿ ತುಂಬಾ ಕೆಲಸಕ್ಕೆ ಬರುತ್ತದೆ. ಶುಲ್ಕ ಶುರುವಾಗುವ ಕೆಲವು ತಿಂಗಳ ಮೊದಲೇ, 2005ರಲ್ಲಿ, ಅಲ್ಲಿ ಬಸ್ ಸೇವೆ ಹೆಚ್ಚಿಸಿದ್ದರು. ಅಷ್ಟರಿಂದಲೇ ಕಾರುಗಳ ಸಂಖ್ಯೆ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಶುಲ್ಕ ಬಂದ ಮೇಲೆ ಶುಲ್ಕದ ಗಡಿ ದಾಟುವ ವಾಹನಗಳು ಸುಮಾರು 20 ಶೇಕಡಾ ಕಮ್ಮಿಯಾದವು. ಹಾಗಾಗಿ "ಬಸ್ ಚೆನ್ನಾಗಿದ್ದರೆ ಜನ ತಾವೇ ಕಾರು ಬಿಡುತ್ತಾರೆ" ಅಂತ ಯಾರಾದರೂ ಹೇಳಿದರೆ ನಾನು ಸುಮ್ನೆ ತಲೆಯಾಡಿಸುವುದಿಲ್ಲ. ಬಸ್ ಚೆನ್ನಾಗಿರಲೇಬೇಕು, ಇಲ್ಲದಿದ್ದರೆ ಶುಲ್ಕ ಹಾಕಿದ ದಿನ ಜನ ಹೋಗುವುದೆಲ್ಲಿಗೆ? ಆದರೆ ಕಾರಿನಲ್ಲಿ ಬರುವುದಕ್ಕೂ ಒಂದು ಬೆಲೆ ಇಡಬೇಕಾಗುತ್ತದೆ.

ರಿಯಾಯಿತಿ ಕೊಡುವಾಗ ಮುಗಿಯುವ ತಾರೀಖನ್ನೂ ಬರೆಯಿರಿ ಅಂತ ನಾನು ಹಟ ಹಿಡಿಯಲು ಲಂಡನ್ ಕಾರಣ. ಅಲ್ಲಿ ದಟ್ಟಣೆ ಶುಲ್ಕ ಶುರುವಾದದ್ದು 2003ರಲ್ಲಿ. 2011ರಲ್ಲಿ, ಕಿಲೋಮೀಟರಿಗೆ 100 ಗ್ರಾಂಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಬಿಡದ ಕಾರುಗಳಿಗೆ ರಿಯಾಯಿತಿ ಕೊಟ್ಟರು. ಸಣ್ಣ ಡೀಸೆಲ್ ಕಾರುಗಳು ಆರಾಮಾಗಿ ಆ ಮಿತಿಯೊಳಗೆ ನುಗ್ಗಿದವು. ಎರಡೇ ವರ್ಷದಲ್ಲಿ ಮಿತಿಯನ್ನು 75 ಗ್ರಾಂಗೆ ಇಳಿಸಬೇಕಾಯಿತು. ನಾರ್ವೆಯ ಓಸ್ಲೋದಲ್ಲೂ ಹಾಗೇ. ಎಲೆಕ್ಟ್ರಿಕ್ ಕಾರುಗಳು ಬಸ್ ಲೇನ್‌ನಲ್ಲಿ ಹೋಗಬಹುದು ಅಂದರು. ಕಾರುಗಳು ಹೆಚ್ಚಾಗಿ ಬಸ್‌ಗಳಿಗೇ ಜಾಗ ಸಾಲದಾಯಿತು. ನಗರಕ್ಕೆ ಬರುವ ಕೆಲವು ರಸ್ತೆಗಳಲ್ಲಿ, ದಟ್ಟಣೆಯ ಹೊತ್ತಿನಲ್ಲಿ, ಡ್ರೈವರ್ ಜೊತೆ ಇನ್ನೊಬ್ಬರಿದ್ದರೆ ಮಾತ್ರ ಅಂತ ತಿದ್ದಿದರು. ಇವೆರಡನ್ನೂ ಸೋಲು ಅಂತ ನಾನು ಹೇಳುವುದಿಲ್ಲ. ನೋಡಿಕೊಂಡು ತಿದ್ದಿದರಲ್ಲ, ಅದೇ ದೊಡ್ಡದು. ಕೊಟ್ಟದ್ದನ್ನು ವಾಪಸ್ ಕಿತ್ತುಕೊಳ್ಳುವುದು ಎಷ್ಟು ಕಷ್ಟ ಅಂತ ಸರ್ಕಾರಿ ಕಚೇರಿಯಲ್ಲಿ ಕೂತವರಿಗೆ ಬೇರೆ ಹೇಳಬೇಕಾಗಿಲ್ಲ.

ಇನ್ನು ಶೆನ್‌ಜೆನ್. 2017ರ ಕೊನೆಗೆ ಚೀನಾದ ಈ ನಗರ ತನ್ನ 16,000ಕ್ಕೂ ಹೆಚ್ಚು ಬಸ್‌ಗಳನ್ನು ಪೂರ್ತಿ ಎಲೆಕ್ಟ್ರಿಕ್ ಮಾಡಿತು. ಎಲ್ಲರೂ ಸಂಖ್ಯೆ ನೋಡಿ ಬೆರಗಾಗುತ್ತಾರೆ. ನನಗೆ ಹಿಡಿಸಿದ್ದು ಅದರ ಹಿಂದಿನ ವ್ಯವಸ್ಥೆ. ಸರ್ಕಾರ ಭಾರಿ ಸಬ್ಸಿಡಿ ಕೊಟ್ಟಿತು, ಬಸ್‌ಗಳನ್ನು ಲೀಸ್ ಮೇಲೆ ತಂದರು, ಬ್ಯಾಟರಿಯ ಹೊಣೆಯನ್ನು ತಯಾರಕರ ಮೇಲೆ ಹಾಕಿದರು, ಚಾರ್ಜಿಂಗ್ ನಡೆಸಲು ಬೇರೆ ಕಂಪನಿಗಳು ಬಂದವು. ಬ್ಯಾಟರಿ ಕೆಟ್ಟರೆ ನನ್ನ ಗತಿ ಏನು ಅನ್ನುವ ಭಯ ಬಸ್ ಓಡಿಸುವವರ ತಲೆಯಿಂದ ಇಳಿಯಿತು. ಜೊತೆಗೆ ಇರುವ ಬಸ್‌ಗಳೆಲ್ಲ ಎಲೆಕ್ಟ್ರಿಕ್ಕೇ ಆದಾಗ, ಉದ್ದನೆಯ ರೂಟ್‌ಗೆ ಡೀಸೆಲ್ ಬಸ್ ಕಳಿಸೋಣ ಅನ್ನುವ ದಾರಿಯೇ ಇರುವುದಿಲ್ಲ.

ನಮ್ಮಲ್ಲಿ ಅಷ್ಟು ದೊಡ್ಡ ಕೈ ಹಾಕಲು ಆಗುವುದಿಲ್ಲ. ಆದರೂ ಕೆಲವು ಬದಲಾವಣೆ ಮಾಡಿಸಿದೆವು. ಎಲೆಕ್ಟ್ರಿಕ್ ಬಸ್ಸಿಗೆ ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಅಂತ ಒಪ್ಪಂದದಲ್ಲೇ ಬಂತು. ಹೊಸ ರೂಟ್‌ಗೆ ಹಾಕಿದ ಮೊದಲ ಕೆಲವು ತಿಂಗಳು ಚಾರ್ಜ್ ಸಾಲದೆ ಟ್ರಿಪ್ ತಪ್ಪಿದರೆ ಮ್ಯಾನೇಜರ್‌ಗೆ ನೋಟಿಸ್ ಇಲ್ಲ. ಮಧ್ಯಾಹ್ನ ಡ್ರೈವರ್ ಬದಲಾಗುವ ಹೊತ್ತಿಗೆ ಬಸ್ ಚಾರ್ಜರ್ ಹತ್ತಿರ ಇರುವಂತೆ ಶೆಡ್ಯೂಲ್ ಹೊಂದಿಸಿದರು. ಈ ಕೊನೆಯದನ್ನು ಹೇಳಿದ್ದು ಆ ಮ್ಯಾನೇಜರೇ. ನಾವು ಆಫೀಸಿನಲ್ಲಿ ಕೂತು ಯೋಚಿಸಿದ್ದರೆ ಹೊಳೆಯುತ್ತಿರಲಿಲ್ಲ.

ವಿದ್ಯುತ್ ಸಂಪರ್ಕದ ವಿಷಯ ಎರಡೇ ಮಾತಲ್ಲಿ ಮುಗಿಸುತ್ತೇನೆ, ಯಾಕೆಂದರೆ ಇಲ್ಲಿ ಯೋಚಿಸುವುದಕ್ಕೇನೂ ಇಲ್ಲ. ಬಸ್ ಆರ್ಡರ್ ಮಾಡುವ ಮೊದಲು ಟ್ರಾನ್ಸ್‌ಫಾರ್ಮರ್‌ಗೆ ಅರ್ಜಿ ಹಾಕಿ.

ಹೊಸ ಕಂಪನಿಗಳ ಡೆಮೊ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು. ಅವರು ತೋರಿಸುವ ಓಟ ಯಾವಾಗಲೂ ಖಾಲಿ ಬಸ್ಸಿನಲ್ಲಿ, ಸಮತಟ್ಟಾದ ರಸ್ತೆಯಲ್ಲಿ, ಎಸಿ ಆಫ್ ಮಾಡಿ. ಈಗ ನಾವು ಸೀಟುಗಳ ಮೇಲೆ ಮರಳಿನ ಮೂಟೆ ಇಟ್ಟು, ಎಸಿ ಹಾಕಿ, ಪೂರ್ತಿ ಒಂದು ಶಿಫ್ಟ್ ಓಡಿಸಿ ಅನ್ನುತ್ತೇವೆ. ಯಾವ ತಂತ್ರಜ್ಞಾನ ಬೇಕು ಅಂತ ಟೆಂಡರ್‌ನಲ್ಲಿ ಬರೆಯುವುದನ್ನು ನಿಲ್ಲಿಸಿದ್ದೇವೆ. ಇಷ್ಟು ಜನರನ್ನು ಇಷ್ಟು ದೂರ ಒಯ್ಯಬೇಕು, ಎಣ್ಣೆ ಇಷ್ಟರ ಒಳಗಿರಬೇಕು, ಹೇಗೆ ಮಾಡುತ್ತೀರೋ ನಿಮಗೆ ಬಿಟ್ಟದ್ದು. ಹೀಗೆ ಕೇಳಿದಾಗ ಒಂದು ತಂಡ ಹೊಸ ವಾಹನವನ್ನೇ ತರಲಿಲ್ಲ. ಬಸ್‌ಗಳು ಡಿಪೋದಿಂದ ಮೊದಲ ಸ್ಟಾಪ್‌ವರೆಗೆ ಖಾಲಿ ಓಡುವ ಡೆಡ್ ಕಿಲೋಮೀಟರ್ ಕಡಿಮೆ ಮಾಡುವ ಲೆಕ್ಕ ತಂದಿತು. ಉದ್ಘಾಟನೆಗೆ ರಿಬ್ಬನ್ ಕತ್ತರಿಸಲು ಏನೂ ಸಿಗಲಿಲ್ಲ ಅಂತ ಮೇಲಿನವರಿಗೆ ಸ್ವಲ್ಪ ಬೇಜಾರಾಯಿತು.

ಇಡೀ ನಗರದ ಗುರಿಯನ್ನೇ ಎಣ್ಣೆಯಲ್ಲಿ ಅಳೆದ ಉದಾಹರಣೆಯೂ ಇದೆ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರ ತೈಲದ ಕೊರತೆ ಬಂದರೆ ಏನು ಮಾಡಬೇಕು ಅಂತ 2006ರಲ್ಲಿ ಒಂದು ಸಮಿತಿ ಮಾಡಿತು. ಎಣ್ಣೆ ಮತ್ತು ನೈಸರ್ಗಿಕ ಅನಿಲದ ಬಳಕೆಯನ್ನು 25 ವರ್ಷದಲ್ಲಿ ಅರ್ಧಕ್ಕೆ ಇಳಿಸಿ ಅಂತ 2007ರಲ್ಲಿ ಸಮಿತಿ ಹೇಳಿತು. ಖಾಸಗಿ ವಾಹನಗಳ ಲೆಕ್ಕ ನಮ್ಮಂಥವರ ಕೈಗೆ ಸಿಗುವುದು ಕಷ್ಟ, ಜನ ನಗರದ ಗಡಿಯಾಚೆಯೂ ಪೆಟ್ರೋಲ್ ಹಾಕಿಸುತ್ತಾರೆ. ಅದಕ್ಕೇ ನಾವು ನಗರದ ದುಡ್ಡಿನಲ್ಲಿ ಉರಿಯುವ ಎಣ್ಣೆಯಿಂದ ಶುರು ಮಾಡಿದ್ದೇವೆ: ಬಸ್, ಆಫೀಸ್ ಜೀಪು, ನೀರಿನ ಟ್ಯಾಂಕರ್, ಕಸದ ಲಾರಿ.

ಈಗ ಸಿಕ್ಕಿಹಾಕಿಕೊಂಡಿರುವುದು ಕಸದ ಲಾರಿಯಲ್ಲಿ. ಅದು ಓಡುವುದಕ್ಕಿಂತ ನಿಂತಲ್ಲೇ ಎಂಜಿನ್ ಆನ್ ಇಟ್ಟು ಕಸ ಒತ್ತುವುದೇ ಜಾಸ್ತಿ, ಹಾಗಾಗಿ ಕೆಎಂಪಿಎಲ್ ಅಲ್ಲಿ ನಡೆಯುವುದಿಲ್ಲ. ಗಂಟೆಗೆ ಎಷ್ಟು ಲೀಟರ್ ಅನ್ನಬೇಕೋ, ಟನ್ ಕಸಕ್ಕೆ ಎಷ್ಟು ಅನ್ನಬೇಕೋ ಅಂತ ಚರ್ಚೆ ನಡೀತಿದೆ. ನಾನು ಟನ್ ಕಡೆ. ಲಾರಿ ಮೇಸ್ತ್ರಿ ಗಂಟೆ ಕಡೆ ಇದ್ದಾರೆ, ಅವರ ಹತ್ತಿರ ಲಾರಿ ತೂಗುವ ವೇಬ್ರಿಡ್ಜ್ ಮುಂದಿನ ಕ್ಯೂ ಬಗ್ಗೆ ಹೇಳಲು ಬಹಳ ಇದೆ.