ಡೇಟಾಶೀಟಲ್ಲಿರೋ ಅಡ್ರೆಸ್ಸಿಗೆ ಡ್ರೈವರ್ ನೇರ ಹೋಗಕ್ಕಾಗಲ್ಲ

ಹೋದ ಭಾನುವಾರ ಚಿಕ್ಕಪ್ಪನ ಮಗ ಚನ್ನಗಿರಿಯಿಂದ ಬೆಳಗಿನ ಬಸ್ಸಿಗೇ ದಾವಣಗೆರೆಗೆ ನಮ್ಮನೆಗೆ ಬಂದ, ಬ್ಯಾಗಲ್ಲಿ ಲ್ಯಾಪ್‌ಟಾಪು, ಹಳೇ ಕಾಲದ ಒಂದು ರಾಸ್‌ಬೆರಿ ಪೈ (ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರು), ನಾಲ್ಕು ವೈರು. ಇಂಜಿನಿಯರಿಂಗ್ ಕೊನೇ ವರ್ಷ, ಅಡಿಕೆ ತೋಟದ ಬೋರ್ ಮೋಟರನ್ನ ಪೈನಿಂದ ಆನ್ ಆಫ್ ಮಾಡೋ ಪ್ರಾಜೆಕ್ಟು. ಮೋಟರಿನ ಸ್ವಿಚ್ ಆಗೋ ರಿಲೇಗಿಂತ ಮೊದ್ಲು 17ನೇ ಪಿನ್ನಿಗೆ ಒಂದು ಎಲ್‌ಇಡಿ ಹಾಕಿ ಹತ್ತಿಸೋಣ ಅಂತ ತಾನೇ ಕೂತು ಲಿನಕ್ಸ್ ಕರ್ನಲ್ ಮಾಡ್ಯೂಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಒಳಗೇ ಓಡೋ ಕೋಡು, ಇಲ್ಲಿ ಹಾರ್ಡ್‌ವೇರ್ ನಡೆಸೋ ಡ್ರೈವರು) ಬರ್ದಿದ್ದ, ಎಲ್ಲಾ ರೆಡಿ ಇರೋ ಲೈಬ್ರರಿ ಹಿಡ್ಕೊಳ್ಳೋ ಕಾಲದಲ್ಲಿ ಇಷ್ಟು ಕೆಳಗಿಳಿದು ನೋಡಿದ್ದು ನಂಗೆ ನಿಜವಾಗ್ಲೂ ಖುಷಿಯಾಯ್ತು.

"ಅಣ್ಣ, ಡೇಟಾಶೀಟಲ್ಲಿ ಏನೈತೋ ಅದೇ ಅಡ್ರೆಸ್ ಹಾಕೀನಿ ನೋಡು, ಮಾಡ್ಯೂಲ್ ಲೋಡ್ ಮಾಡಿದ ತಕ್ಷಣ ಊಪ್ಸ್ ಹೊಡೀತೈತೆ" ಅಂದ. ಡೇಟಾಶೀಟ್ ಅಂದ್ರೆ ಚಿಪ್ಪಿನ ಕೈಪಿಡಿ, ಊಪ್ಸ್ ಅಂದ್ರೆ ಕರ್ನಲ್ ಒಳಗೆ ತಪ್ಪಾದಾಗ ಅದು ಲಾಗಲ್ಲಿ ಬರೆಯೋ ದೂರು.

ಲಾಗ್ ನೋಡಿದೆ. 7ಇ200004 ಅನ್ನೋ ಅಡ್ರೆಸ್ಸಿಗೆ ಕರ್ನಲ್ ಪೇಜಿಂಗ್ ರಿಕ್ವೆಸ್ಟ್ ಹ್ಯಾಂಡಲ್ ಮಾಡಕ್ಕಾಗ್ಲಿಲ್ಲ ಅಂತ ಇತ್ತು, ಆದ್ರೆ ಆ ಸಾಲಲ್ಲಿ ಅಡ್ರೆಸ್ಸಿನ ಹಿಂದೆ 'ವರ್ಚುವಲ್' ಅನ್ನೋ ಪದ ಇತ್ತಲ್ಲ, ಉತ್ತರ ಇದ್ದಿದ್ದು ಅದರಲ್ಲೇ. ಅವ್ನು ಅದನ್ನ ಓದಿ ಮುಂದೆ ಹೋಗಿಬಿಟ್ಟಿದ್ದ.

ನಮ್ಮ ಮನೆಗೇ ಎರಡು ಡೋರ್ ನಂಬರ್ ಇದಾವೆ. ಕರೆಂಟ್ ಬಿಲ್ಲಲ್ಲಿ ಹಳೇದು, ಕಂದಾಯ ರಸೀದಿಯಲ್ಲಿ ಹೊಸದು, ಕೊರಿಯರ್ ಹುಡುಗ ಇವೆರಡನ್ನೂ ಬಿಟ್ಟು ಫೋನ್ ಮಾಡಿ "ಎಷ್ಟನೇ ಕ್ರಾಸ್ ಸಾರ್" ಅಂತಾನೆ, ಮೂರೂ ಬಂದು ನಿಲ್ಲೋದು ಒಂದೇ ಗೇಟಿಗೆ. ಪೈ ಒಳಗೂ ಹಂಗೇ. ಅವನ ಬೋರ್ಡಲ್ಲಿರೋದು ಬಿಸಿಎಂ2835 ಚಿಪ್ಪು, ಅದರ ಡೇಟಾಶೀಟು ಜಿಪಿಐಒ ರಿಜಿಸ್ಟರಿಗೆ (ಪಿನ್ನುಗಳನ್ನ ನಿಯಂತ್ರಿಸೋ ಚಿಪ್ ಒಳಗಿನ ಜಾಗ) ಕೊಡೋ 7ಇ200000 ಬಸ್ ಅಡ್ರೆಸ್ಸು, ಅಂದ್ರೆ ಚಿಪ್ ಒಳಗಿನ ಸಂಪರ್ಕ ಜಾಲದ ಲೆಕ್ಕದ್ದು. ಪ್ರೊಸೆಸರ್ ಕಡೆಯಿಂದ ನೋಡಿದ್ರೆ ಅದೇ ಜಾಗದ ಫಿಸಿಕಲ್ ಅಡ್ರೆಸ್ 20200000. (ಅಡ್ರೆಸ್ಸುಗಳೆಲ್ಲ ಹೆಕ್ಸ್, ಅಂದ್ರೆ 16ರ ಲೆಕ್ಕ.)

ತಕ್ಷಣ 20200000 ಹಾಕಿ ಮತ್ತೆ ಓಡಿಸಿದ, ಮತ್ತೆ ಊಪ್ಸ್.

ಇಲ್ಲೇ ಬಹಳ ಜನ ಎಡವೋದು. ಕರ್ನಲ್ ಅಂದ್ರೆ ಎಲ್ಲಾ ಅಧಿಕಾರ ಇರುತ್ತೆ, ಫಿಸಿಕಲ್ ಅಡ್ರೆಸ್ಸನ್ನ ಪಾಯಿಂಟರಿಗೆ (ಅಡ್ರೆಸ್ ಹಿಡಿದಿಡೋ ವೇರಿಯಬಲ್) ಹಾಕಿದ್ರೆ ಸಾಕು ಅಂದ್ಕೋತಾರೆ, ಆದ್ರೆ ಎಂಎಂಯು (ಅಡ್ರೆಸ್ ಅನುವಾದ ಮಾಡೋ ಹಾರ್ಡ್‌ವೇರು) ಒಂದ್ಸಲ ಆನ್ ಆದ್ಮೇಲೆ ಕರ್ನಲ್ ಕೋಡಿನ ಪಾಯಿಂಟರ್ ಕೂಡ ವರ್ಚುವಲ್ಲೇ, ಅಂದ್ರೆ ಅನುವಾದ ಆಗ್ಬೇಕಾದ ಅಡ್ರೆಸ್ಸೇ, ಪ್ರತಿ ಸಲ ಪೇಜ್ ಟೇಬಲ್ ಅನ್ನೋ ಅನುವಾದದ ಪಟ್ಟಿ ನೋಡಿಯೇ ಅದು ಎಲ್ಲಿಗೆ ಹೋಗ್ಬೇಕು ಅಂತ ತೀರ್ಮಾನ ಆಗೋದು, ಟೇಬಲ್ಲಲ್ಲಿ ಎಂಟ್ರಿ ಇಲ್ಲ ಅಂದ್ರೆ ಫಾಲ್ಟ್. ಅದಕ್ಕೇ ಐಒರೀಮ್ಯಾಪ್ ಅನ್ನೋ ಕರ್ನಲ್ ಫಂಕ್ಷನ್ ಇರೋದು. ಈ ಫಿಸಿಕಲ್ ಅಡ್ರೆಸ್ಸಿಂದ ಇಷ್ಟು ಬೈಟ್ ಬೇಕು ಅಂತ ಕೇಳಿದ್ರೆ, ಕರ್ನಲ್ಲಿನ ವರ್ಚುವಲ್ ಜಾಗದಲ್ಲಿ ಖಾಲಿ ಇರೋ ಒಂದು ತುಂಡು ಹುಡುಕಿ, ಅದನ್ನ ಆ ಫಿಸಿಕಲ್ ಪೇಜಿಗೆ ಸೇರಿಸೋ ಎಂಟ್ರಿ ಬರೆದು, ವರ್ಚುವಲ್ ಅಡ್ರೆಸ್ ಕೈಗೆ ಕೊಡುತ್ತೆ. ಇಲ್ಲಿ ರ್‍ಯಾಮ್ ಏನೂ ಅಲೊಕೇಟ್ ಆಗಲ್ಲ, ರಿಜಿಸ್ಟರಿಗೆ ಹೋಗೋಕೊಂದು ದಾರಿ ಆಗುತ್ತೆ ಅಷ್ಟೇ.

ಇನ್ನೊಂದು ಕೆಲ್ಸಾನೂ ಮಾಡುತ್ತೆ, ನನ್ನ ಪ್ರಕಾರ ಅದೇ ದೊಡ್ಡದು: ಆ ಪೇಜನ್ನ ಕ್ಯಾಶ್ ಮಾಡಬಾರ್ದು (ಓದಿದ್ದರ ನಕಲು ಪ್ರೊಸೆಸರ್ ಹತ್ರ ಇಟ್ಕೋಬಾರ್ದು) ಅಂತ ಗುರುತು ಹಾಕುತ್ತೆ. ಬೋರಲ್ಲಿ ನೀರಿದೆಯೋ ಇಲ್ವೋ ಹೇಳೋ ಪಿನ್ನಿನ ಸ್ಥಿತಿ ಕ್ಯಾಶಿಂದ ಬಂದ್ರೆ, ಹತ್ತು ನಿಮಿಷದ ಹಿಂದಿನ ಉತ್ತರ ನಂಬ್ಕೊಂಡು ಮೋಟರ್ ಡ್ರೈ ಓಡುತ್ತೆ, ಸುಡುತ್ತೆ. ಓದಿದಾಗೆಲ್ಲ ಹಾರ್ಡ್‌ವೇರ್ ತನಕ ಹೋಗಿ ಬರ್ಲೇಬೇಕು. ಪಾಯಿಂಟರಿಗೆ ಸ್ಟಾರ್ ಹಾಕಿ ಓದೋದು ಬಿಟ್ಟು ರೀಡ್‌ಎಲ್, ರೈಟ್‌ಎಲ್ ಅನ್ನೋ ಕರ್ನಲ್ ಫಂಕ್ಷನ್ ಬಳಸಿ ಅನ್ನೋದೂ ಇದಕ್ಕೇ, ಆ ಓದು ಬರಹಾನ ಕಂಪೈಲರ್ ಕಿತ್ತು ಹಾಕದಂಗೆ, ಹಿಂದೆ ಮುಂದೆ ಮಾಡದಂಗೆ ಅವು ನೋಡ್ಕೋತಾವೆ.

ಐಒರೀಮ್ಯಾಪ್ ಹಾಕಿದ. ಊಪ್ಸ್ ಹೋಯ್ತು, ಎಲ್‌ಇಡಿ ಮಾತ್ರ ಹತ್ಲಿಲ್ಲ. ಎರರ್ರೂ ಇಲ್ಲ. ಅಮ್ಮ ಊಟಕ್ಕೆ ಎರಡು ಸಲ ಕರೆದ್ರು, ಇಬ್ರೂ ಏಳ್ಲಿಲ್ಲ.

ಸಿಕ್ಕಿದ್ದು ಇದು. ಪಿನ್ ಆನ್ ಮಾಡೋ ಸೆಟ್ ರಿಜಿಸ್ಟರ್ ಇರೋದು ಶುರುವಿನಿಂದ 28 ಬೈಟ್ ದೂರ. ಅವ್ನು ಐಒರೀಮ್ಯಾಪಿಂದ ಬಂದ ಅಡ್ರೆಸ್ಸನ್ನ 32 ಬಿಟ್ ಸಂಖ್ಯೆಯ ಪಾಯಿಂಟರಿಗೆ ಕಾಸ್ಟ್ ಮಾಡಿ (ಅಂದ್ರೆ ವಿಧ ಬದಲಿಸಿ) ಅದಕ್ಕೆ 28 ಕೂಡಿದ್ದ, ಸಿ ಭಾಷೇಲಿ ಅಂಥ ಪಾಯಿಂಟರ್ ನಾಲ್ಕು ನಾಲ್ಕು ಬೈಟಿನ ಹೆಜ್ಜೆ ಇಡೋದ್ರಿಂದ ಅದು 28 ಬೈಟ್ ಅಲ್ಲ, 28 ನಾಲ್ಕ್ಲಿ 112 ಬೈಟ್. ಅಲ್ಲಿರೋದು ಪಿನ್ ಲೋ ಆಯ್ತಾ ಅಂತ ಪತ್ತೆ ಹಚ್ಚೋ ರಿಜಿಸ್ಟರು. ಬರೆದಿದ್ದು ಹೋಗಿ ಅಲ್ಲಿ ಬಿತ್ತು, ಮ್ಯಾಪಿಂಗ್ 4096 ಬೈಟಿನ ಇಡೀ ಪೇಜಿಗೆ ಆಗಿರೋದ್ರಿಂದ ಅದರೊಳಗೆ ಎಲ್ಲಿ ತಪ್ಪು ಬರೆದ್ರೂ ಎಂಎಂಯು ತಡೆಯಲ್ಲ. ಇದು ಊಪ್ಸಿಗಿಂತ ಅಪಾಯ, ಊಪ್ಸ್ ಆದ್ರೂ ಎಲ್ಲಿ ತಪ್ಪಾಯ್ತು ಅಂತ ಕೂಗಿ ಹೇಳುತ್ತೆ. ಕಾಸ್ಟ್ ತೆಗ್ಸಿದೆ, ಎಲ್‌ಇಡಿ ಹತ್ತಿತು.

ಊಟ ಆದ್ಮೇಲೆ ಇನ್ನೊಂದು ಮಾತು ಹೇಳ್ದೆ. ಕೋಡಲ್ಲಿ 20200000 ಅಂತ ಬರೆದಿಟ್ರೆ ಪೈ 3 ಬಂದಾಗ ಅದು 3ಎಫ್200000 ಆಗುತ್ತೆ, ಪೈ 4ಕ್ಕೆ ಎಫ್‌ಇ200000, ಪ್ರತಿ ಬೋರ್ಡಿಗೂ ಡ್ರೈವರ್ ತಿದ್ದಬೇಕು. ಡಿವೈಸ್ ಟ್ರೀ (ಬೋರ್ಡಲ್ಲಿ ಏನೇನು ಎಲ್ಲೆಲ್ಲಿದೆ ಅಂತ ಕರ್ನಲ್ಲಿಗೆ ಹೇಳೋ ಪಟ್ಟಿ) ಇರೋದೇ ಇದನ್ನ ತಪ್ಪಿಸೋಕೆ. ಅದರಲ್ಲಿ ಜಿಪಿಐಒ ನೋಡ್ ಬಸ್ ಅಡ್ರೆಸ್ಸಲ್ಲೇ, ಅಂದ್ರೆ ಡೇಟಾಶೀಟಿನ 7ಇ200000 ಅಂತಲೇ ಇರುತ್ತೆ, ಮೇಲೆ ರೇಂಜಸ್ ಅನ್ನೋ ಸಾಲಲ್ಲಿ 7ಇ000000 ಅಂದ್ರೆ ಈ ಬೋರ್ಡಲ್ಲಿ 20000000 ಅಂತ ಬರೆದಿರ್ತಾರೆ, ಅನುವಾದ ಕರ್ನಲ್ಲೇ ಮಾಡುತ್ತೆ, ಡ್ರೈವರ್ ನನ್ನ ಜಾಗ ಯಾವ್ದು ಅಂತ ಕೇಳಿ ತಗೊಂಡ್ರೆ ಆಯ್ತು. ನಿಜವಾದ ಡ್ರೈವರ್ ಆ ಜಾಗ ನಂದು ಅಂತ ಬುಕ್ ಕೂಡ ಮಾಡ್ಬೇಕು. ನಾವು ಮಾಡ್ಲಿಲ್ಲ, ಯಾಕಂದ್ರೆ ಪೈನ ಪಿನ್ ಡ್ರೈವರ್ ಆಗ್ಲೇ ಬುಕ್ ಮಾಡಿರುತ್ತೆ, ಕೇಳಿದ್ರೆ 'ಬ್ಯುಸಿ' ಅನ್ನೋ ಎರರ್ ವಾಪಸ್ ಬರುತ್ತೆ. ಹಂಗಾಗಿ ಇದು ಕಲಿಯೋಕೆ ಮಾತ್ರ, ತೋಟದ ರಿಲೇಗೆ ಕರ್ನಲ್ಲಿನ ಜಿಪಿಐಒ ಫಂಕ್ಷನ್‌ಗಳನ್ನೇ ಬಳಸು ಅಂತ ಗಟ್ಟಿಯಾಗಿ ಹೇಳಿ ಕಳಿಸಿದೆ.

ಬುಧವಾರ ರಾತ್ರಿ ಫೋನ್ ಮಾಡಿದ್ದ. ಅಡ್ರೆಸ್ಸನ್ನ ಡಿವೈಸ್ ಟ್ರೀಯಿಂದ ಕೇಳಿ ತಗೊಳ್ಳೋ ಹಂಗೆ ಕೋಡ್ ಬದಲಾಯಿಸಿ, ಆಮೇಲೆ ಫ್ರೆಂಡ್ ಹತ್ರ ಪೈ 3 ಇಸ್ಕೊಂಡು, ಆ ಸೋರ್ಸಲ್ಲಿ ಒಂದಕ್ಷರ ಮುಟ್ಟದೆ ಆ ಬೋರ್ಡಿನ ಕರ್ನಲ್ಲಿಗೆ ಕಂಪೈಲ್ ಮಾಡಿದ್ನಂತೆ. "ಅಣ್ಣ, ಹತ್ತಿತು" ಅಂದ.