ಈ ನೀರು ಈಗ ಯಾರದ್ದು?

ಈ ವಾರ ಒಮಾನಿನ ಬಿರ್ಕತ್ ಅಲ್ ಮೌಜ್‌ನ ಕಾಲುವೆ ದಂಡೆಯಲ್ಲಿ ಕಿವಿಗೆ ಬಿದ್ದ ನಾಲ್ಕು ಮಾತು ಇನ್ನೂ ತಲೆಯಿಂದ ಇಳಿದಿಲ್ಲ. ಮಸ್ಕತ್‌ನಲ್ಲಿ ಕೆಲಸಕ್ಕಿರುವ ತುಮಕೂರು ಕಡೆಯವರೊಬ್ಬರು ಸಂಸಾರ ಸಮೇತ ತೋಟ ನೋಡಲು ಬಂದಿದ್ದರು. ದಂಡೆಯ ಮೇಲೆ ಕೂತಿದ್ದ ಒಮಾನಿ ಹಿರಿಯರನ್ನು ಹಿಂದಿಯಲ್ಲಿ ಕೇಳಿದರು: "ಚಾಚಾ, ಈ ನೀರು ಯಾರದ್ದು?"

ಹಿರಿಯರು ಕೈಗಡಿಯಾರ ನೋಡಿಕೊಂಡರು. "ಈಗಲೋ? ಈಗ ಮಸೀದಿಯದ್ದು. ಇದು ಮುಗಿದ ಮೇಲೆ ನಮ್ಮ ಅಕ್ಕನದ್ದು."

ಕೇಳಿದವರು ನಕ್ಕು ಫೋಟೋ ತೆಗೆಯಲು ಹೋದರು. ಒಳ್ಳೆಯ ಮನುಷ್ಯ, ಆದರೆ ಅವಸರ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಇಡೀ ಒಮಾನ್ ಅವರ ಮುಂದೆ ಬಿಚ್ಚಿಕೊಳ್ಳುತ್ತಿತ್ತು. ಎಣ್ಣೆ, ಮರಳುಗಾಡು, ಸುಲ್ತಾನ ಎಂದು ಮೂರು ಮಾತಿನಲ್ಲಿ ಈ ದೇಶವನ್ನು ಮುಗಿಸುವವರೇ ಹೆಚ್ಚು. ಎಣ್ಣೆ ರಫ್ತಾಗಲು ಶುರುವಾಗಿದ್ದು 1967ರಲ್ಲಿ. ಅದಕ್ಕೆ ಮೊದಲು ಶತಮಾನಗಳ ಕಾಲ ಇಲ್ಲಿನ ಊರುಗಳನ್ನು ಹಿಡಿದು ನಿಲ್ಲಿಸಿದ್ದು ಈ ಮೊಣಕಾಲುದ್ದದ ಕಾಲುವೆ, ಅಂದರೆ ಫಲಜ್.

ಭೂಗೋಳವೇ ಹಾಗಿದೆ. ಸುಮಾರು 3,09,500 ಚದರ ಕಿಲೋಮೀಟರ್ ದೇಶದಲ್ಲಿ ವರ್ಷಕ್ಕೆ 100 ಮಿಲಿಮೀಟರ್ ಆಸುಪಾಸು ಮಳೆ. ದಕ್ಷಿಣದ ಧೋಫಾರ್ ಮಾತ್ರ ಬೇರೆ: ನಮ್ಮ ಕರಾವಳಿಗೆ ಬರುವ ನೈಋತ್ಯ ಮುಂಗಾರಿನ ಅಂಚು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಲಾಲಾದ ಬೆಟ್ಟಗಳನ್ನು ತುಂತುರಿನಲ್ಲಿ ಮುಚ್ಚುತ್ತದೆ. ಅಲ್ಲಿ ತೆಂಗು, ಬಾಳೆ, ಬೆಟ್ಟದ ಆಚೆಗೆ ಲೋಬಾನದ ಮರ. ಉತ್ತರದಲ್ಲಿ ಹಜರ್ ಪರ್ವತಸಾಲು ಸಮುದ್ರಕ್ಕೂ ಮರುಭೂಮಿಗೂ ನಡುವೆ ಗೋಡೆಯಂತೆ ನಿಂತಿದೆ. ಅದರ ಜೆಬೆಲ್ ಶಮ್ಸ್ ಶಿಖರ 3,000 ಮೀಟರ್ ಮುಟ್ಟುತ್ತದೆ. ಮಳೆ ಬಿದ್ದರೆ ಈ ಬೆಟ್ಟದ ಮೇಲೆ ಬೀಳಬೇಕು, ಕಲ್ಲುಜಲ್ಲಿಯೊಳಗೆ ಇಂಗಬೇಕು. ಆ ಇಂಗಿದ ನೀರನ್ನು ಹೊರತರುವುದೇ ಕೆಲಸ.

ನೆಲದಡಿಯ ಫಲಜ್‌ಗೆ ದಾವೂದಿ ಎನ್ನುತ್ತಾರೆ. ಮೊದಲು ಬೆಟ್ಟದ ಬುಡದಲ್ಲಿ ನೀರು ಸಿಗುವವರೆಗೆ ತಾಯಿಬಾವಿ ತೋಡುತ್ತಾರೆ. ಅಲ್ಲಿಂದ ಊರಿನವರೆಗೆ ಸುರಂಗ, ಕೆಲವೆಡೆ ಹಲವು ಕಿಲೋಮೀಟರ್. ನಡುನಡುವೆ ಮಣ್ಣು ಎತ್ತಲು, ಗಾಳಿಯಾಡಲು ಬಾವಿಯಂಥ ಕಂಡಿಗಳು. ಕಂಡಿಯ ಬಾಯಿಗೆ ಕಟ್ಟೆ ಕಟ್ಟದಿದ್ದರೆ ಒಂದೇ ಪ್ರವಾಹಕ್ಕೆ ಸುರಂಗ ಜಲ್ಲಿಯಿಂದ ತುಂಬಿಹೋಗುತ್ತದೆ. ಇಳಿಜಾರು ಹೆಚ್ಚಾದರೆ ನೀರು ತಳ ಕೊರೆಯುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ದಾರಿಗೆ ಹಳ್ಳ ಅಡ್ಡ ಬಂದರೆ ನೀರನ್ನು ಈ ದಂಡೆಯಲ್ಲಿ ಕೆಳಗಿಳಿಸಿ, ಹಳ್ಳದಡಿ ಹಾಯಿಸಿ, ಆಚೆ ದಂಡೆಯಲ್ಲಿ ಸ್ವಲ್ಪ ತಗ್ಗಿನ ಮಟ್ಟಕ್ಕೆ ಮೇಲೆಬ್ಬಿಸುತ್ತಾರೆ. ಪಂಪು ಬೇಕಿಲ್ಲ. ಬೀದರಿನ ನೌಬಾದ್ ಕರೇಜ್ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ, ಬಹಮನಿಗಳ ಕಾಲದ ಆ ಸುರಂಗ ಇದೇ ಜಾತಿಯದು.

ಬಿರ್ಕತ್ ಅಲ್ ಮೌಜ್‌ನ ಫಲಜ್ ಅಲ್ ಖತ್ಮೀನ್, 2006ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಐದರಲ್ಲಿ ಒಂದು. ಇಂದಿಗೂ ಹರಿಯುವಂಥವು ದೇಶದಲ್ಲಿ ಸುಮಾರು 3,000 ಇವೆ. ನೀರು ಬೆಳಕಿಗೆ ಬರುವ ಜಾಗದಲ್ಲಿ ಕುಡಿಯಲು ಯಾರು ಬೇಕಾದರೂ ತುಂಬಿಕೊಳ್ಳಬಹುದು, ಅದಕ್ಕೆ ಲೆಕ್ಕವಿಲ್ಲ. ಅದರ ಕೆಳಗೆ ವುಜೂ, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ, ಸ್ನಾನ ಮಾಡುವ ಜಾಗ. ಆಮೇಲೆ ಖರ್ಜೂರದ ತೋಟ. ಎಲ್ಲಕ್ಕಿಂತ ಕೆಳಗೆ ಲೂಸರ್ನ್ ಹುಲ್ಲು, ಗೋಧಿ, ಬೆಳ್ಳುಳ್ಳಿ ಬೆಳೆಯುವ ಮಡಿಗಳು. ಬರ ಬಂದಾಗ ಮೊದಲು ಬೀಳುಬಿಡುವುದು ಈ ಕೆಳಗಿನ ಮಡಿಗಳನ್ನು, ಮರಗಳನ್ನಲ್ಲ. ಲೂಸರ್ನ್ ಮುಂದಿನ ವರ್ಷ ಬಿತ್ತಬಹುದು, ಖರ್ಜೂರ ಒಣಗಿದರೆ ಒಂದು ತಲೆಮಾರಿನ ದುಡಿಮೆ ಹೋಯಿತು.

"ಈಗಲೋ?" ಎಂಬ ಆ ಮರುಪ್ರಶ್ನೆಗೆ ಬರೋಣ. ಇಲ್ಲಿ ನೆಲವೇ ಬೇರೆ, ನೀರೇ ಬೇರೆ ಆಸ್ತಿ. ಜನ ಹೊಂದಿರುವುದು ನೀರನ್ನಲ್ಲ, ನೀರಿನ ಹೊತ್ತನ್ನು. ಅದರ ಅಳತೆ ಅಥರ್, ಸುಮಾರು ಅರ್ಧ ಗಂಟೆ. 24 ಅಥರ್ ಸೇರಿದರೆ ಒಂದು ಬಾದ, ಹಗಲಿಗೊಂದು, ರಾತ್ರಿಗೊಂದು. ಎಲ್ಲರ ಪಾಳಿ ಒಂದು ಸುತ್ತು ಬರಲು ವಾರದಿಂದ ಎರಡು ವಾರ, ಊರಿಂದ ಊರಿಗೆ ಬೇರೆ. ಸುತ್ತು ಉದ್ದವಾದರೆ ಜಲ್ಲಿನೆಲ ಒಣಗಿ ಗಿಡ ಸೊರಗುತ್ತದೆ. ತೀರಾ ಗಿಡ್ಡವಾದರೆ ಒಬ್ಬೊಬ್ಬರ ಪಾಳಿ ಎಷ್ಟು ಚಿಕ್ಕದಾಗುತ್ತದೆಂದರೆ, ಒಣಗಿದ ಮಣ್ಣುಗಾಲುವೆ ನೆನೆಯುವಷ್ಟರಲ್ಲೇ ಹೊತ್ತು ಮುಗಿದಿರುತ್ತದೆ. ಮುಂಚೆ ಹಗಲಿನ ಹೊತ್ತನ್ನು ನೆಟ್ಟ ಕೋಲಿನ ನೆರಳಿನಿಂದ, ರಾತ್ರಿಯದನ್ನು ಗುಡ್ಡದ ಮೇಲೆ ಹುಟ್ಟುವ ನಕ್ಷತ್ರಗಳಿಂದ ಅಳೆಯುತ್ತಿದ್ದರು. ಈಗ ಬಹಳ ಕಡೆ ಗಡಿಯಾರ. ಉಸ್ತುವಾರಿಗೆ ವಕೀಲ್ ಎಂಬ ಮುಖ್ಯಸ್ಥ, ಪಾಳಿ ನೋಡಿಕೊಳ್ಳಲು ಆರೀಫ್. ನಮ್ಮ ಕೆರೆಬಯಲುಗಳ ನೀರುಗಂಟಿಯ ಕೆಲಸವೇ ಅದು. ಕೆಲವು ಪಾಲುಗಳು ಫಲಜ್‌ಗೇ ಸೇರಿದ್ದು. ಅವನ್ನು ಹರಾಜು ಹಾಕಿ, ಬಂದ ಹಣದಲ್ಲಿ ಹೂಳೆತ್ತಿಸುತ್ತಾರೆ. ಮಸೀದಿಗೆ ದತ್ತಿಯಾಗಿ ಬಂದ ಪಾಲಿರುತ್ತದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತವಾಗಿ ಬಂದ ಪಾಲಿರುತ್ತದೆ. ಅಕ್ಕನದ್ದು ಎಂದಾಗ ಆ ಹಿರಿಯರ ದನಿಯಲ್ಲಿ ಉಪಕಾರದ ಛಾಯೆ ಕೂಡ ಇರಲಿಲ್ಲ. ಅವರ ಮೇಲೆ ಗೌರವ ಹುಟ್ಟಿದ್ದು ಅಲ್ಲೇ.

ಹೀಗೆ ಲೆಕ್ಕ ಇಟ್ಟು ಬದುಕಿದ ಒಳನಾಡು ತನ್ನ ನಾಯಕನನ್ನೂ ತಾನೇ ಆರಿಸಿಕೊಳ್ಳುತ್ತೇನೆ ಎಂದಿದ್ದರಲ್ಲಿ ಆಶ್ಚರ್ಯವಿಲ್ಲ. ಇಸ್ಲಾಮಿನ ಒಂದು ಶಾಖೆಯಾದ ಇಲ್ಲಿನ ಇಬಾದಿ ಪಂಥದಲ್ಲಿ ಇಮಾಮನನ್ನು ವಿದ್ವಾಂಸರೂ ಹಿರಿಯರೂ ಆರಿಸಬೇಕು. ಕರಾವಳಿಯ ಮಸ್ಕತ್ ಕಡಲಿನತ್ತ ಮುಖ ಮಾಡಿತ್ತು, ಒಳನಾಡಿನ ನಿಜ್ವಾ ಪಟ್ಟಣ ಬೆಟ್ಟದತ್ತ. 1507ರಲ್ಲಿ ಮಸ್ಕತ್ ಹಿಡಿದ ಪೋರ್ಚುಗೀಸರನ್ನು 1650ರಲ್ಲಿ ಓಡಿಸಿದ್ದು ಒಳನಾಡಿನಿಂದ ಎದ್ದ ಯಅರೂಬಿ ಇಮಾಮರು. ಆ ಬಳಿಕ ಬಂದ ಅಲ್ ಬೂಸಯೀದಿ ಮನೆತನ ಜಂಜಿಬಾರ್‌ವರೆಗೆ ಆಳಿತು. ಆಗ ಮಸ್ಕತ್‌ನ ಅನ್ನಕ್ಕೆ ಮಂಗಳೂರಿನ ಅಕ್ಕಿ ಹೋಗುತ್ತಿತ್ತು, ಟಿಪ್ಪುವಿನ ವ್ಯಾಪಾರದ ಕೋಠಿಯೂ ಅಲ್ಲಿತ್ತು. 1920ರ ಸೀಬ್ ಒಪ್ಪಂದದಲ್ಲಿ ಕರಾವಳಿ ಸುಲ್ತಾನನಿಗೆ, ಒಳನಾಡಿನ ಆಡಳಿತ ಇಮಾಮನ ಕಡೆಯವರಿಗೆ ಎಂದಾಯಿತು. ಎಣ್ಣೆಯ ಹುಡುಕಾಟ ಒಳನಾಡಿಗೆ ಬಂದಾಗ ಅದು ಮುರಿಯಿತು. 1959ರಲ್ಲಿ ಬ್ರಿಟಿಷರ ಬಲದಿಂದ ಸುಲ್ತಾನನ ಪಡೆ ಜೆಬೆಲ್ ಅಖ್ದರ್ ಏರಿತು. ಬಿರ್ಕತ್ ಅಲ್ ಮೌಜ್ ಆ ಬೆಟ್ಟದ ಬಾಗಿಲಲ್ಲೇ ಇದೆ. 1970ರಲ್ಲಿ ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬರುವವರೆಗೆ ದೇಶದ ಹೆಸರೇ 'ಮಸ್ಕತ್ ಮತ್ತು ಒಮಾನ್'. ಆಗ ಇದ್ದದ್ದು ಮೂರು ಶಾಲೆ, ಹತ್ತು ಕಿಲೋಮೀಟರ್ ಡಾಂಬರು ರಸ್ತೆ.

ಡಾಂಬರಿನ ಜೊತೆ ಪಂಪ್‌ಸೆಟ್ಟೂ ಬಂತು. ತುಮಕೂರಿನವರು ಹೊರಡುವಾಗ ಕೇಳಿದ್ದು ಅದನ್ನೇ: "ಒಂದು ಬೋರ್ ಹೊಡೆಸಿದ್ರೆ ಆಯ್ತಲ್ಲ ಚಾಚಾ?" ಹಿರಿಯರು ಕಾಲುವೆ ತೋರಿಸಿ, "ಹೊಡೆದರೆ ಇದು ನಿಲ್ಲುತ್ತದೆ" ಎಂದರು. ಬಾತಿನಾ ಕರಾವಳಿಯಲ್ಲಿ ಪಂಪು ಹೆಚ್ಚಾಗಿ ಸಮುದ್ರದ ಉಪ್ಪು ಅಂತರ್ಜಲಕ್ಕೆ ನುಗ್ಗಿ ತೋಟಗಳು ಹಾಳಾದವು. ಫಲಜ್‌ನ ತಾಯಿಬಾವಿಯ ಸುತ್ತ ಬಾವಿ ತೋಡದಂತೆ ಸರ್ಕಾರ ಗಡಿ ಹಾಕಿದೆ. ನಮ್ಮ ಬಯಲುಸೀಮೆಗೆ ಅಂಥ ಗಡಿ ಮೂವತ್ತು ವರ್ಷ ಹಿಂದೆಯೇ ಬೇಕಿತ್ತು ಎಂದು ಬಲವಾಗಿ ಅನಿಸುತ್ತದೆ.

ನೀರು ಮಸೀದಿಯಿಂದ ಅಕ್ಕನ ಪಾಲಿಗೆ ತಿರುಗುವ ಹೊತ್ತಿಗೆ ಹಿರಿಯರು ಎದ್ದು ಹೋಗಲಿಲ್ಲ, ಒಂದು ಹೆಸರು ಕೂಗಿದರು. ಬಾಂಗ್ಲಾದೇಶದ ಹುಡುಗನೊಬ್ಬ ಬಂದು, ಕಾಲುವೆ ದಂಡೆಯ ಒಂದು ಕಂಡಿಗೆ ಕಲ್ಲನ್ನಿಟ್ಟು ಸಂದಿಗೆ ಒದ್ದೆ ಗೋಣಿಚಿಂದಿ ತುರುಕಿದ, ಇನ್ನೊಂದರ ಕಲ್ಲು ಎಳೆದ. ಸೋರಿಕೆ ಇದೆಯೇ ಎಂದು ಬೆರಳಾಡಿಸಿ ನೋಡಿದ. ಸುಮಾರು 50 ಲಕ್ಷ ಜನರ ಈ ದೇಶದಲ್ಲಿ ಐದರಲ್ಲಿ ಎರಡು ಪಾಲು ಹೊರಗಿನವರು. ಅಕ್ಕನ ಮಕ್ಕಳು ಮಸ್ಕತ್‌ನಲ್ಲಿ ಕಚೇರಿ ಕೆಲಸದಲ್ಲಿದ್ದಾರಂತೆ. ಊರಿನ ಯಾರ ಪಾಳಿ ಯಾವಾಗ, ಯಾವ ಕಂಡಿ ಎಲ್ಲಿ ಸೋರುತ್ತದೆ ಎಂಬುದೆಲ್ಲ ಈಗ ಆ ಹುಡುಗನಿಗೆ ಬಾಯಿಪಾಠ. ಅವನ ಹೆಸರಿನಲ್ಲಿ ಅರ್ಧ ಅಥರ್ ಕೂಡ ಇಲ್ಲ. ಅವನ ವೀಸಾ ಮುಗಿದ ಮೇಲೆ ಈ ತಿಳಿವಳಿಕೆಯನ್ನು ಯಾರ ಕೈಗೆ ಕೊಡುತ್ತೀರಿ ಎಂದು ಒಮಾನಿಗಳನ್ನು ಯಾರಾದರೂ ಕೇಳಬೇಕು, ಅಕ್ಕನ ಮಕ್ಕಳನ್ನೂ ಸೇರಿಸಿ.