ಗೋಡೆಗೆ ಬಣ್ಣ ಹೊಡೆಸಿದರೆ ಬಾಗಿಲಿನ ಬಣ್ಣ ಬದಲಾಯ್ತು

ತೀರ್ಥಹಳ್ಳಿ ಹತ್ತಿರದ ಅಮ್ಮನ ಮನೆಗೆ ಹೋದ ವರ್ಷ ಬಣ್ಣ ಹೊಡೆಸಿದೆವು. ಹೆಂಚಿನ ಮನೆ. ಜಗಲಿಯಲ್ಲಿ ನಾಲ್ಕು ಹಲಸಿನ ಕಂಬ, ಎದುರು ಬಾಗಿಲು ಸಾಗುವಾನಿ, ಒಳಗೆ ಅಜ್ಜನ ಕಾಲದ ಬೀಟೆ ಮಂಚ, ನೆಲ ಪೂರ್ತಿ ರೆಡಾಕ್ಸೈಡ್. ಇಷ್ಟೆಲ್ಲಾ ಮರ ಇರುವಾಗ ಗೋಡೆಗೆ ಯಾವ ಬಣ್ಣ ಹೊಡೆದರೂ ಚೆನ್ನಾಗೇ ಕಾಣುತ್ತದೆ ಅಂದುಕೊಂಡು, ಬಣ್ಣ ಆರಿಸುವ ಕೆಲಸ ನನ್ನದು ಅಂತ ನಾನೇ ಮೈಮೇಲೆ ಹಾಕಿಕೊಂಡೆ. ಅಣ್ಣ ದುಡ್ಡಿನ ಲೆಕ್ಕ ನೋಡಿಕೊಂಡ. ಜಾಣ ಅವನು.

ಮೊಬೈಲಿನಲ್ಲಿ ನೋಡಿ ನೋಡಿ ನನಗೆ ಬೂದು ಬಣ್ಣದ ಹುಚ್ಚು ಹಿಡಿದಿತ್ತು. ತಿಳಿ ಬೂದು ಗೋಡೆ, ಮರದ ಬಾಗಿಲು, ಪಕ್ಕದಲ್ಲೊಂದು ಗಿಡದ ಕುಂಡ. ಎಲ್ಲ ಫೋಟೋದಲ್ಲೂ ಇದೇ ಅಲ್ವಾ? ಶೇಡ್ ಕಾರ್ಡಿನಲ್ಲಿ ಹೆಬ್ಬೆರಳಿನಷ್ಟು ಅಗಲದ ಒಂದು ಚೌಕ ತೋರಿಸಿ, ಇದೇ ಇರಲಿ ಅಂದುಬಿಟ್ಟೆ. ಬಾಗಿಲಿಗೆ ಅಪ್ಪ ಯಾವತ್ತೋ ಕಾಫಿ ಬಣ್ಣದ ಎನಾಮಲ್ ಹೊಡೆಸಿದ್ದರು. ಅದನ್ನು ತೆಗೆಸಿ, ಉಜ್ಜಿಸಿ, ಮಿರಮಿರ ಮಿಂಚುವ ಮೆಲಮೈನ್ ಪಾಲಿಶ್ ಮಾಡಿಸಿದೆ.

ಜಗಲಿಯ ಗೋಡೆಗೆ ಎರಡನೇ ಕೋಟ್ ಒಣಗಿದ ದಿನ ಅಮ್ಮ ಅಂಗಳದಲ್ಲಿ ನಿಂತು ನೋಡಿದಳು. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಎಂತ ಮಾರಾಯ್ತಿ ಇದು, ಆಸ್ಪತ್ರೆ ಗೋಡೆಗೆ ಜಿಲೇಬಿ ಬಾಗಿಲು ಇಟ್ಟ ಹಾಗಾಯ್ತಲ್ಲೇ" ಅಂದಳು.

ಸಿಟ್ಟು ಬಂತು. ಆದರೆ ಬಾಗಿಲು ನಿಜಕ್ಕೂ ಜಿಲೇಬಿಯಂತೆಯೇ ಇತ್ತು. ತಮಾಷೆ ಏನೆಂದರೆ ಹಿಂದಿನ ವಾರ, ಗೋಡೆಗೆ ಇನ್ನೂ ಹಳೇ ಸುಣ್ಣ ಇದ್ದಾಗ, ಇದೇ ಪಾಲಿಶ್ ಮಾಡಿದ ಬಾಗಿಲು ಜೇನಿನ ಬಣ್ಣದಲ್ಲಿ ಚೆಂದ ಕಂಡಿತ್ತು. ಬಾಗಿಲನ್ನು ಯಾರೂ ಮುಟ್ಟಿರಲಿಲ್ಲ. ಬದಲಾಗಿದ್ದು ಗೋಡೆ ಮಾತ್ರ.

ಇದಕ್ಕೆ ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದವನು ಶೆವ್ರಲ್ ಅನ್ನುವ ಫ್ರೆಂಚ್ ರಸಾಯನ ವಿಜ್ಞಾನಿ. ಪ್ಯಾರಿಸ್ಸಿನ ಗೊಬೆಲಿನ್ ಎಂಬ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ. ಅಲ್ಲಿನ ಕಪ್ಪು ದಾರ ಸರಿಯಾಗಿ ಕಪ್ಪಗಿಲ್ಲ ಅಂತ ದೂರು ಬರುತ್ತಿತ್ತಂತೆ. ಪರೀಕ್ಷೆ ಮಾಡಿ ನೋಡಿದರೆ ದಾರದಲ್ಲಿ ದೋಷವೇ ಇಲ್ಲ, ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ದಾರಗಳಿಂದ ಅದು ಹಾಗೆ ಕಾಣುತ್ತಿತ್ತು. ಅಕ್ಕಪಕ್ಕ ಇಟ್ಟ ಎರಡು ಬಣ್ಣ ಒಂದನ್ನೊಂದು ದೂರ ತಳ್ಳುತ್ತವೆ ಅಂತ ಅವನು 1839ರಲ್ಲೇ ಬರೆದಿಟ್ಟಿದ್ದಾನೆ. ನಾನು ಆರಿಸಿದ ಬೂದು ಬಣ್ಣದ ಒಳಗೆ ನೀಲಿ ಇತ್ತು. ನೀಲಿಗೆ ಎದುರು ಬಣ್ಣ ಕಿತ್ತಳೆ. ಸಾಗುವಾನಿಯಲ್ಲಿ ಮೊದಲೇ ಇದ್ದ ಸ್ವಲ್ಪ ಕಿತ್ತಳೆಯನ್ನು ಗೋಡೆ ಎತ್ತಿ ತೋರಿಸಿತು. ಮೇಲಿಂದ ಮಿಂಚುವ ಪಾಲಿಶ್ ಬೇರೆ.

ಹಾಗಾದರೆ ನಮ್ಮಜ್ಜಿ ಸುಣ್ಣಕ್ಕೆ ಒಂದು ಚಿಟಿಕೆ ನೀಲಿ ಹಾಕಿಸುತ್ತಿದ್ದಳಲ್ಲ, ಆಗ ಯಾಕೆ ಬಾಗಿಲು ಜಿಲೇಬಿ ಆಗಲಿಲ್ಲ? ಯಾಕೆಂದರೆ ಆಗ ಮರ ಹೊಗೆ, ಎಣ್ಣೆ, ಕೈ ತಾಗಿ ತಾಗಿ ಕಂದಾಗಿತ್ತು, ಹೊಳಪೂ ಇರಲಿಲ್ಲ. ಕಡು ಕಂದಿನೊಳಗೆ ಸತ್ತು ಮಲಗಿದ ಬೆಚ್ಚನೆ ಬಣ್ಣವನ್ನು ಆ ಚೂರು ನೀಲಿ ಎಬ್ಬಿಸುತ್ತಿತ್ತು, ಅಷ್ಟೇ. ಈಗ ಉಜ್ಜಿದ ಹೊಸ ಮೈಗೆ ಎಬ್ಬಿಸುವ ಅಗತ್ಯವೇ ಇರಲಿಲ್ಲ.

ಅಲ್ಲಿಂದ ಪೇಂಟರ್ ಮೇಸ್ತ್ರಿ ಹೇಳಿದ್ದನ್ನು ಕೇಳಲು ಶುರುಮಾಡಿದೆ. ಅವರದ್ದು ಮೊದಲಿಂದಲೂ ಒಂದೇ ಮಾತು. "ಅಕ್ಕ, ಸ್ಯಾಂಡಲ್ ಕಲರ್ ಹೊಡೀರಿ, ಯಾರೂ ಏನೂ ಹೇಳಲ್ಲ." ಗಂಧದ ಬಣ್ಣ, ಐವರಿ, ಕ್ರೀಮು. ನಮ್ಮ ಕಡೆ ಅರ್ಧ ಮನೆಗಳು ಇದೇ ಬಣ್ಣದವು, ಸೇಫು. ಆದರೆ ಇದನ್ನು ಸಾಗುವಾನಿ ಪಕ್ಕ ಇಟ್ಟು ನೋಡಿದರೆ ಬಾಗಿಲು ಗೋಡೆಯೊಳಗೆ ಕರಗಿ ಹೋಗುತ್ತದೆ. ಎರಡೂ ಹಳದಿ, ಎರಡೂ ಬೆಚ್ಚಗೆ, ಒಂದಕ್ಕೊಂದು ಮಾತಾಡುವುದೇ ಇಲ್ಲ. ಬೀಟೆ ಮಂಚದ ಹಿಂದೆ ಮಾತ್ರ ಗಂಧದ ಬಣ್ಣ ಅದ್ಭುತ. ಬೀಟೆ ಕಪ್ಪು ನೇರಳೆ ಮಿಶ್ರಿತ ಕಂದು, ಅದಕ್ಕೆ ಹಿಂದೆ ಬೆಳಕು ಬೇಕು. ಹಾಗಾಗಿ ಮಂಚದ ಕೋಣೆಗೆ ಮೇಸ್ತ್ರಿಯ ಮಾತೇ ನಡೆಯಿತು.

ಜಗಲಿಗೆ ಈ ಸಲ ಅವಸರ ಮಾಡಲಿಲ್ಲ. ನಾಲ್ಕೈದು ಚಿಕ್ಕ ಡಬ್ಬಿ ತಂದು, ರಟ್ಟಿನ ಹಾಳೆಗಳ ಮೇಲೆ ಎರಡೆರಡು ಕೋಟ್ ಹೊಡೆದು, ಒಣಗಿಸಿ, ಬಾಗಿಲಿನ ಚೌಕಟ್ಟಿಗೇ ತಾಗಿಸಿ ನಿಲ್ಲಿಸಿದೆ. ಗೋಡೆಯ ಮೇಲೆ ನೇರ ಹೊಡೆದು ನೋಡಬೇಡಿ, ಹಳೇ ಬಣ್ಣ ಸುತ್ತ ಇದ್ದು ಕಣ್ಣಿಗೆ ಮೋಸ ಮಾಡುತ್ತದೆ. ರಟ್ಟಾದರೆ ಕೋಣೆಯಿಂದ ಕೋಣೆಗೆ ಹೊತ್ತುಕೊಂಡು ಹೋಗಬಹುದು, ಕೆಳಭಾಗವನ್ನು ನೆಲಕ್ಕೂ ತಾಗಿಸಿ ನೋಡಬಹುದು. ರೆಡಾಕ್ಸೈಡ್ ನೆಲ ಇರುವವರು ಇದನ್ನು ಮರೀಬಾರದು. ಬಿಸಿಲು ಬಿದ್ದಾಗ ಆ ಕೆಂಪು ಗೋಡೆಯ ಕೆಳಗಿನ ಭಾಗಕ್ಕೆ ಹತ್ತುತ್ತದೆ, ಬಿಳಿ ಗೋಡೆ ತಿಳಿ ಗುಲಾಬಿ ಆಗುತ್ತದೆ.

ಬೆಳಿಗ್ಗೆ ನೋಡಿದೆ, ಸಂಜೆ ನೋಡಿದೆ, ಮೋಡ ಕವಿದಾಗ ನೋಡಿದೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಳಕೇ ಬೂದು, ಅದರ ಮೇಲೆ ಗೋಡೆಯೂ ಬೂದು ಆದರೆ ಮನೆಯಲ್ಲಿ ಯಾರೋ ಹೋದ ಹಾಗಿರುತ್ತದೆ. ರಾತ್ರಿ ಟ್ಯೂಬ್‌ಲೈಟ್ ಹಾಕಿ ನೋಡಿದಾಗ ಇನ್ನೊಂದು ಸತ್ಯ ಗೊತ್ತಾಯ್ತು. ನಮ್ಮ ಮನೆಗಳಲ್ಲಿ ಹಾಕುವ ಬಿಳಿ ಟ್ಯೂಬು, ಬಲ್ಬುಗಳ ಪೆಟ್ಟಿಗೆ ಮೇಲೆ ಸಾಮಾನ್ಯವಾಗಿ 6500 ಕೆಲ್ವಿನ್ ಅಂತ ಇರುತ್ತದೆ, ಅಂದರೆ ನೀಲಿ ಕಡೆ ವಾಲಿದ ಬೆಳಕು. ಅದರಡಿ ಎಷ್ಟು ಒಳ್ಳೆ ಮರವೂ ಬೂದಿ ಬಡಿದ ಹಾಗೆ ಕಾಣುತ್ತದೆ. 3000 ಕೆಲ್ವಿನ್‌ನ ಹಳದಿ ಬೆಳಕಿನ ಬಲ್ಬಿಗೆ ಬದಲಾಯಿಸಿದ ಕೂಡಲೇ ಕಂಬಗಳಿಗೆ ಜೀವ ಬಂತು. ಅಮ್ಮನಿಗೆ ಮಾತ್ರ ಆ ಬೆಳಕಿನಲ್ಲಿ ಅಕ್ಕಿ ಆರಿಸಲು ಆಗುವುದಿಲ್ಲವಂತೆ. ಅಡುಗೆಮನೆಯಲ್ಲಿ ಬಿಳಿ ಟ್ಯೂಬೇ ಇದೆ.

ಕೊನೆಗೆ ಜಗಲಿಗೆ ಆರಿಸಿದ್ದು ಬಿಳಿ. ಅಚ್ಚ ಬಿಳಿ ಅಲ್ಲ, ನೀಲಿ ಬಿಳಿಯೂ ಅಲ್ಲ, ಕುಚಲಕ್ಕಿ ಗಂಜಿಯ ತಿಳಿಯಂತೆ ಸ್ವಲ್ಪ ಮಾಸಿದ ಬಿಳಿ. ಮಣ್ಣಿನ ಗೋಡೆಯಾದ್ದರಿಂದ ಮತ್ತೆ ಸುಣ್ಣಕ್ಕೇ ಹೋದೆವು. ಮೊದಲು ಹೊಡೆದಿದ್ದ ಎಮಲ್ಷನ್ ಪೂರ್ತಿ ಕೆರೆಸಬೇಕಾಯಿತು, ಸುಣ್ಣ ಅದರ ಮೇಲೆ ನಿಲ್ಲಲ್ಲ. ಅಣ್ಣ ಆ ಕೂಲಿಯ ಲೆಕ್ಕವನ್ನು ಈಗಲೂ ನೆನಪು ಮಾಡುತ್ತಾನೆ. ಆದರೆ ಮಣ್ಣಿನ ಗೋಡೆ ಉಸಿರಾಡಬೇಕು, ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ, ಬೂಷ್ಟೂ ಬೇಗ ಹಿಡಿಯಲ್ಲ. ಅದಕ್ಕೆ ಹಳದಿ ಮಣ್ಣು ಒಂದಿಷ್ಟೇ ಇಷ್ಟು ಕಲಸಿದೆವು. ಸುಣ್ಣ ಒದ್ದೆ ಇದ್ದಾಗ ಒಂದು ಬಣ್ಣ, ಒಣಗಿದ ಮೇಲೆ ತುಂಬಾ ತಿಳಿ. ಹೆದರಿ ಕಡಿಮೆ ಹಾಕಿದ್ದೆ, ಮೂರನೇ ಸಲಕ್ಕೆ ಸರಿ ಹೋಯಿತು.

ಹೊಳಪಿನ ವಿಷಯಕ್ಕೆ ಬಂದರೆ ನನಗೆ ಈಗ ಹಟವೇ ಇದೆ. ಹಳೇ ಗೋಡೆಗೆ ಹೊಳಪು ಬೇಡವೇ ಬೇಡ, ಗೋಡೆಯ ಒಂದೊಂದು ಉಬ್ಬು ತಗ್ಗೂ ಎದ್ದು ಕಾಣುತ್ತದೆ. ಗೋಡೆ ಮ್ಯಾಟ್ ಇದ್ದರೆ ಮರಕ್ಕೆ ಚೂರು ಮಿನುಗು ಸಾಕು. ಬಾಗಿಲಿನ ಮೆಲಮೈನ್ ಉಜ್ಜಿಸಿ ತೆಗೆಸಿದೆ. ಅದು ಒಳಗಿನ ಸಾಮಾನಿಗೆ ಸರಿ, ಮಳೆ ಎರಚಲು ಬೀಳುವ ಬಾಗಿಲಿಗಲ್ಲ. ಬದಲಿಗೆ ಹೊರಗಡೆಗೆ ಅಂತಲೇ ಬರುವ ಪಿಯು, ಅಂದರೆ ಪಾಲಿಯುರೆಥೇನ್ ಪಾಲಿಶ್, ಅದೂ ಹೊಳಪಿಲ್ಲದ ಮ್ಯಾಟ್. ಮಂಚಕ್ಕೆ ಫ್ರೆಂಚ್ ಪಾಲಿಶ್, ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ ನಿಜ, ಆದರೆ ಮಂಚದ ಮೇಲೆ ಲೋಟ ಯಾಕೆ ಇಡ್ತೀರಿ? ಮಳೆಗಾಲದಲ್ಲಿ ಮಾತ್ರ ಮಾಡಿಸಬೇಡಿ, ಗಾಳಿಯ ತೇವಕ್ಕೆ ಪಾಲಿಶ್ ಮೇಲೆ ಬಿಳಿ ಮಂಜು ಕಟ್ಟುತ್ತದೆ.

ಕಂಬಗಳಿಗೆ ಅಗಸೆ ಎಣ್ಣೆ ಮಾತ್ರ. ಹಲಸಿನ ಮರ ಹೊಸದರಲ್ಲಿ ಅರಿಶಿನದ ಹಾಗೆ ಹಳದಿ, ವರ್ಷ ಕಳೆದಂತೆ ಕೆಂಪು ಕಂದು. ಬರ್ಮಾ, ಥಾಯ್ಲೆಂಡ್ ಕಡೆ ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಕಟ್ಟಲು ಇದೇ ಮರದ ಚಕ್ಕೆ ಕುದಿಸುತ್ತಿದ್ದರು. ಅಂಥ ಬಣ್ಣಕ್ಕೆ ಮೇಲಿಂದ ಮರಕ್ಕೆ ಬಣ್ಣ ಏರಿಸುವ ಸ್ಟೇನ್ ಯಾಕೆ ಬೇಕು. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗೇ ಬಿಸಿಯಾಗಿ ಬೆಂಕಿ ಹತ್ತುತ್ತದೆ. ಬಿಡಿಸಿ ಹೊರಗೆ ಒಣಗಲು ಹಾಕಿ.

ಇನ್ನೊಂದು, ಬಾಗಿಲಿನ ಹಳೇ ಎನಾಮಲ್ ಉಜ್ಜುವಾಗ ನಾವು ಮುಖಕ್ಕೆ ಬರೀ ಟವೆಲ್ ಕಟ್ಟಿಕೊಂಡಿದ್ದೆವು. ತಪ್ಪು. ಹಳೇ ಬಣ್ಣದ ಧೂಳಿನಲ್ಲಿ ವಿಷದ ಸೀಸ ಇರಬಹುದು. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ದಾಟಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವಾದರೆ ನೀರು ಹಾಕಿ ಉಜ್ಜಿ, ಒಳ್ಳೆ ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ.

ಈಗ ಅಮ್ಮ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುವಾಗ ಒಮ್ಮೊಮ್ಮೆ ಬಾಗಿಲು ನೋಡುತ್ತಾಳೆ. "ಪರವಾಗಿಲ್ಲ" ಅಂದಿದ್ದಾಳೆ, ಅವಳ ಲೆಕ್ಕದಲ್ಲಿ ಅದು ದೊಡ್ಡ ಮಾತು. ಅಟ್ಟದ ಏಣಿಯ ಕಾಫಿ ಬಣ್ಣ ಹಾಗೇ ಇದೆ. ಮಳೆ ನಿಲ್ಲಲಿ, ಆಮೇಲೆ ನೋಡೋಣ.